ಅಜ್ಜನ ಹರಕೆಯೂ ಸಮೀಕ್ಷೆಯ ಪ್ರಶ್ನೆಯೂ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಮನೆಯಲ್ಲಿ ಚಿನ್ನದ ಸರ ಕಾಣೆಯಾಯಿತು ಅನ್ನಿ. ಪೊಲೀಸರಿಗಿಂತ ಮೊದಲು ನೆನಪಾಗುವುದು ತುಳುನಾಡಿನ ದೈವ ಕೊರಗಜ್ಜ. ‘ಸಿಕ್ಕಿದರೆ ವೀಳ್ಯ, ಚಕ್ಕುಲಿ ಕೊಡ್ತೇನೆ ಅಜ್ಜಾ’ ಎಂದು ಹರಕೆ ಹೇಳಿ ಮತ್ತೆ ಹುಡುಕಲು ಶುರು. ಇಂಥದ್ದನ್ನು ಸಮಾಜ ವಿಜ್ಞಾನಿಗಳು ಗಂಭೀರವಾಗಿ ನೋಡಲು ತುಂಬಾ ಕಾಲ ಹಿಡಿಯಿತು.

ನಮ್ಮ ಕಡೆಯ ದೈವಗಳ ಬಗ್ಗೆ ಮೊದಲು ಬರೆದವರಲ್ಲಿ ಮಿಷನರಿಗಳು, ಬ್ರಿಟಿಷ್ ಅಧಿಕಾರಿಗಳೇ ಜಾಸ್ತಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಾಗ ಕಾಸರಗೋಡೂ ಕೆನರಾ ಜಿಲ್ಲೆಯೊಳಗೇ ಇತ್ತು. ಅಧಿಕಾರಿ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಅವರು ತೀರಿಕೊಂಡ ಮೇಲೆ, 1894ರಿಂದ ಅಚ್ಚಾದವು. ಕೊಟ್ಟ ಹೆಸರು ‘ತುಳುವರ ಪಿಶಾಚಿ ಪೂಜೆ’. ಓದುವ ಮೊದಲೇ ತೀರ್ಪು! ಆದರೂ ಆ ಸಂಗ್ರಹವನ್ನು ಇಂದಿಗೂ ಬಿಡುವಂತಿಲ್ಲ.

ಧರ್ಮವೆಂದರೆ ಬರೀ ದೇವರ ಮೇಲಿನ ನಂಬಿಕೆಯಲ್ಲ, ಜನ ಒಟ್ಟು ಸೇರಿ ಮಾಡುವ ಆಚರಣೆ ಎಂದು ಫ್ರಾನ್ಸಿನ ಎಮಿಲ್ ಡರ್ಖೈಮ್ 1912ರಲ್ಲಿ ವಾದಿಸಿದರು. ಆಚರಣೆಗಳು ಒಕ್ಕವನ್ನೂ (ಕೊಡವರ ಕೂಡು ಕುಟುಂಬ) ಊರನ್ನೂ ಹೇಗೆ ಕಟ್ಟಿಹಾಕುತ್ತವೆ ಎಂದು ಪಕ್ಕದ ಕೊಡಗಿನಲ್ಲಿ ನೋಡಿದ ಎಂ.ಎನ್. ಶ್ರೀನಿವಾಸ್ ಅವರ ಪುಸ್ತಕ 1952ರಲ್ಲಿ ಬಂತು. ಆಮೇಲೆ ಅಮೆರಿಕದ ಪೀಟರ್ ಕ್ಲಾಸ್ ತುಳುನಾಡಿಗೇ ಬಂದು, ಪಾಡ್ದನದ ನಾಯಕಿ ಸಿರಿಯ ಆವೇಶ ಬರುವ ಹೆಂಗಸರ ಬಗ್ಗೆ ಬರೆದರು.

ಅತ್ತ ಪಶ್ಚಿಮದಲ್ಲಿ ಸಮೀಕ್ಷೆಯವರು ಚರ್ಚಿಗೆ ಎಷ್ಟು ಸಲ ಹೋಗ್ತೀರಿ ಎಂದು ಲೆಕ್ಕ ಹಾಕುತ್ತಿದ್ದರು. ಅದೇ ಪ್ರಶ್ನೆ ಇಲ್ಲಿ ಕೇಳಿ ನೋಡಿ. ‘ದೇವಸ್ಥಾನಕ್ಕಾ? ಅಪರೂಪ’ ಅನ್ನುವವರೇ ನಾಗನಿಗೆ ತಂಬಿಲ ಸೇವೆ, ಕುಟುಂಬದ ದೈವಕ್ಕೆ ವರ್ಷಾವಧಿ ತಪ್ಪಿಸುವುದಿಲ್ಲ. ಲೆಕ್ಕದಲ್ಲಿ ಮಾತ್ರ ಅವರು ಅಷ್ಟೇನೂ ಭಕ್ತರಲ್ಲ. 1990ರ ದಶಕದಿಂದ ವಿದ್ವಾಂಸರು ಅಡುಗೆಮನೆ, ಹರಕೆ, ಕಾಯಿಲೆಗಳ ಕಡೆಗೂ ತಿರುಗಿದ್ದು ಇಂಥ ಕೊರತೆಯಿಂದಲೇ. ತಿಂಗಳುಗಟ್ಟಲೆ ಊರಲ್ಲೇ ಇರುತ್ತಾರೆ. ದೈವಾರಾಧನೆಯ ಕೋಲದಲ್ಲಿ ವೇಷದ ಅಂದ ನೋಡಿ ಸುಮ್ನೆ ಎದ್ದು ಬರುವುದಿಲ್ಲ. ಗಂಧ ಪ್ರಸಾದ ಮೊದಲು ಯಾರ ಕೈಗೆ? ಜಾಗದ ತಕರಾರನ್ನು ದೈವದ ಮುಂದೆ ಇಟ್ಟವರು ಯಾರು? ಇದನ್ನೆಲ್ಲ ಗಮನಿಸುತ್ತಾರೆ.

ಧರ್ಮಕ್ಕೊಂದು ಕಾಲಂ ಹಾಕಿ ಗುರುತು ಮಾಡುವ ಫಾರಂ ನಮ್ಮ ಜಿಲ್ಲೆಯಲ್ಲಂತೂ ಸೋಲುತ್ತದೆ. ಮಂಜೇಶ್ವರದ ಉದ್ಯಾವರದಲ್ಲಿ ಉತ್ಸವಕ್ಕೆ ಮೊದಲು ದೈವದ ಪಾತ್ರಿಗಳು (ಮೈಮೇಲೆ ದೈವ ಬರುವವರು) ಶುಕ್ರವಾರ ಮಸೀದಿಗೆ ಹೋಗಿ ಜಮಾತಿನವರನ್ನು ಕರೆಯುತ್ತಾರೆ. ಕುಂಬಳೆ ಬಳಿಯ ಆರಿಕ್ಕಾಡಿಯ ಭಗವತಿ ಕ್ಷೇತ್ರದಲ್ಲಿ ಆಲಿ ಎಂಬ ಮುಸ್ಲಿಂ ದೈವಕ್ಕೇ ತೆಯ್ಯಂ (ಕೋಲದಂಥದ್ದೇ ದೈವದ ವೇಷ) ಕಟ್ಟುತ್ತಾರೆ, ಹರಕೆ ಹೊತ್ತು ಎರಡೂ ಕಡೆಯವರು ಬರುತ್ತಾರೆ.