ಮಾಸು ಬೆಳೆಸುವ ಪ್ರೋಟೀನ್‌ಗಳು: ಇಲಿಮರಿಯ ಕಣ್ಣಿನಿಂದ ಬಸುರಿಯ ಬಿಪಿವರೆಗೆ

ಇಲಿಮರಿಗಳು ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಅವರು ಇಲಿಯ ಜೊಲ್ಲುಗ್ರಂಥಿಯ ಸಾರ ಚುಚ್ಚಿದ ಮರಿಗಳು ಒಂದೇ ವಾರಕ್ಕೆ ಕಣ್ಣು ಬಿಟ್ಟವು. ಆ ಸಾರದಿಂದ ಅವರು 1962ರಲ್ಲಿ ಬೇರ್ಪಡಿಸಿದ ಪ್ರೋಟೀನೇ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಅಂದರೆ ಇಜಿಎಫ್. ಜೀವಕೋಶಕ್ಕೆ 'ಬೆಳೆ' ಎಂದು ಹೇಳುವ ಇಂಥವೇ ಗ್ರೋತ್ ಫ್ಯಾಕ್ಟರ್‌ಗಳು. ಗ್ರೋತ್ ಫ್ಯಾಕ್ಟರ್‌ಗಳ ಶೋಧಕ್ಕೆ 1986ರಲ್ಲಿ ಕೋಹೆನ್ ಮತ್ತು ರೀಟಾ ಲೆವಿ ಮೊಂತಾಲ್ಚಿನಿ ಅವರಿಗೆ ನೊಬೆಲ್ ಬಂತು.

ಇದಕ್ಕೂ ಬಸುರಿಗೂ ಏನು ಸಂಬಂಧ? ಇಜಿಎಫ್ ಬಂದು ಅಂಟಿಕೊಳ್ಳುವ ಗ್ರಾಹಕಗಳು ಮನುಷ್ಯರ ಮಾಸಿನಲ್ಲಿ (ಪ್ಲಸೆಂಟಾ) ಎಷ್ಟು ಜಾಸ್ತಿ ಎಂದರೆ, ಸಂಶೋಧಕರು ಅವನ್ನು ಬೇರ್ಪಡಿಸಲು ಮಾಸನ್ನೇ ಬಳಸಿದರು. ಮಾಸು ಸುಮ್ನೆ ಒಂದು ಮಾಂಸದ ಮುದ್ದೆ ಅಲ್ಲ. ದಿನ ತುಂಬುವ ಹೊತ್ತಿಗೆ ಅರ್ಧ ಕಿಲೋ ತೂಗುತ್ತದೆ. ಅದರ ಕವಲುಗಳನ್ನೆಲ್ಲ ಬಿಡಿಸಿ ಹಾಸಿದರೆ 10 ಚದರ ಮೀಟರಿಗೂ ಜಾಸ್ತಿ. ಅಷ್ಟಕ್ಕೂ ರಕ್ತನಾಳ ಬೇಕು.

1989ರಲ್ಲಿ ರಕ್ತನಾಳ ಬೆಳೆಸುವ ವೆಜ್‌ಎಫ್ (VEGF) ಎಂಬ ಪ್ರೋಟೀನ್ ಸಿಕ್ಕಿತು. 1991ರಲ್ಲಿ ಇಟಲಿಯ ನೇಪಲ್ಸ್‌ನ ತಂಡವೊಂದು ಅದರ ಸೋದರನಂಥ ಪ್ರೋಟೀನನ್ನು ಮಾಸಿನಲ್ಲೇ ಪತ್ತೆ ಮಾಡಿತು. ಸಿಕ್ಕ ಜಾಗದ ಹೆಸರೇ ಅದಕ್ಕೂ ಬಂತು: ಪ್ಲಸೆಂಟಲ್ ಗ್ರೋತ್ ಫ್ಯಾಕ್ಟರ್, ಅಂದರೆ ಪಿಎಲ್‌ಜಿಎಫ್.

ಇತ್ತ ವೈದ್ಯರಿಗೆ ಹಳೆಯ ಒಗಟೊಂದು ಕಾಡುತ್ತಿತ್ತು. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸುರುಳಿ ರಕ್ತನಾಳಗಳೊಳಗೆ ನುಗ್ಗಿ ಅವನ್ನು ಅಗಲ ಮಾಡುತ್ತವೆ. ಪ್ರೀಎಕ್ಲಾಂಪ್ಸಿಯಾ, ಅಂದರೆ ಬಸುರಿನಲ್ಲಿ ಬಿಪಿ ಏರುವ ಕಾಯಿಲೆ, ಬಂದ ಎಷ್ಟೋ ತಾಯಂದಿರಲ್ಲಿ ಈ ಕೆಲಸ ಅರ್ಧಕ್ಕೇ ನಿಂತಿರುತ್ತದೆ. ಅದು 1970ರ ದಶಕದಲ್ಲೇ ಗೊತ್ತಿತ್ತು. ಆದರೆ ಗರ್ಭಕೋಶದ ತೊಂದರೆಯಿಂದ ತಾಯಿಯ ಬಿಪಿ ಏರುವುದು, ಮೂತ್ರದಲ್ಲಿ ಪ್ರೋಟೀನ್ ಹೋಗುವುದು ಹೇಗೆ?

ಈ ಚರಿತ್ರೆಯಲ್ಲಿ ನನ್ನನ್ನು ತುಂಬಾ ಹಿಡಿದು ನಿಲ್ಲಿಸುವುದು 2003ರ ಪ್ರಯೋಗ. ಪ್ರೀಎಕ್ಲಾಂಪ್ಸಿಯಾದಲ್ಲಿ ಮಾಸು ಎಸ್‌ಫ್ಲಿಟ್-1 ಎಂಬ ಪ್ರೋಟೀನನ್ನು ಅತಿಯಾಗಿ ರಕ್ತಕ್ಕೆ ಬಿಡುತ್ತದೆ ಎಂದು ಅಮೆರಿಕದ ಅನಂತ್ ಕರುಮಂಚಿ ಅವರ ತಂಡ ತೋರಿಸಿತು. ಅದು ವೆಜ್‌ಎಫ್ ಮತ್ತು ಪಿಎಲ್‌ಜಿಎಫ್‌ಗಳನ್ನು ದಾರಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ತಾಯಿಯ ರಕ್ತನಾಳಗಳಿಗೆ, ಮೂತ್ರಪಿಂಡಕ್ಕೆ ಅವು ಸಿಗುವುದಿಲ್ಲ. ಅದೇ ಪ್ರೋಟೀನ್ ಇಲಿಗಳ ಮೈಯಲ್ಲಿ ಹೆಚ್ಚುವಂತೆ ಮಾಡಿದಾಗ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿತು. ಬಸುರಿ ಅಲ್ಲದ ಇಲಿಗಳಲ್ಲೂ ಹೀಗೇ ಆಯಿತು. ಮಾಸೇ ಇಲ್ಲದ ಮೈಯಲ್ಲಿ ಮಾಸಿನ ಕಾಯಿಲೆ!

ಈಗ ಎಸ್‌ಫ್ಲಿಟ್-1 ಮತ್ತು ಪಿಎಲ್‌ಜಿಎಫ್‌ಗಳ ಅನುಪಾತವನ್ನು ರಕ್ತದಲ್ಲಿ ಅಳೆಯುತ್ತಾರೆ. 2016ರ ಅಧ್ಯಯನವೊಂದರ ಪ್ರಕಾರ, ಕಾಯಿಲೆಯ ಅನುಮಾನ ಇರುವ ಬಸುರಿಯಲ್ಲಿ ಅದು 38 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮುಂದಿನ ಒಂದು ವಾರ ಪ್ರೀಎಕ್ಲಾಂಪ್ಸಿಯಾ ಬರುವ ಸಾಧ್ಯತೆ ತೀರಾ ಕಡಿಮೆ. ಪರೀಕ್ಷೆ ಬಂತು, ಮದ್ದು ಬಂದಿಲ್ಲ. ಎಸ್‌ಫ್ಲಿಟ್-1 ಅನ್ನು ರಕ್ತದಿಂದ ಸೋಸಿ ತೆಗೆಯುವ ಪ್ರಯತ್ನ ಕೆಲವೇ ಕೆಲವು ತಾಯಂದಿರಲ್ಲಿ ನಡೆದಿದೆ. ಕಾಯಿಲೆ ಹೋಗಬೇಕಾದರೆ ಇಂದಿಗೂ ಹೆರಿಗೆಯಾಗಿ ಮಾಸು ಹೊರಬರಲೇಬೇಕು, ಮಗುವಿಗೆ ದಿನ ತುಂಬಿರಲಿ, ತುಂಬದಿರಲಿ.