ಓವೆನ್ಸ್ ಅಂಡ್ ಮರ್ರೆ ಲೀಗ್: ನದಿ, ದುಡ್ಡು ಮತ್ತು ಆಟಗಾರರು

ಇದು ಆಸ್ಟ್ರೇಲಿಯದ ಹಳ್ಳಿಗಾಡಿನ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಲೀಗ್. ಇದರ ಇತಿಹಾಸ ಓದಲು ಕೂರುವ ಮೊದಲು ಭೂಪಟ ಬಿಡಿಸಿಟ್ಟುಕೊಳ್ಳಿ. ಓವೆನ್ಸ್ ಮತ್ತು ಮರ್ರೆ ಎರಡೂ ನದಿಗಳ ಹೆಸರು. ಮರ್ರೆಯ ಉತ್ತರಕ್ಕೆ ನ್ಯೂ ಸೌತ್ ವೇಲ್ಸ್, ದಕ್ಷಿಣಕ್ಕೆ ವಿಕ್ಟೋರಿಯಾ. ಆಲ್ಬರಿ ಉತ್ತರ ದಡದಲ್ಲಿ, ವೊಡೊಂಗಾ ದಕ್ಷಿಣ ದಡದಲ್ಲಿ, ವಾಂಗರಟ್ಟ ಇನ್ನೂ ದಕ್ಷಿಣಕ್ಕೆ, ಓವೆನ್ಸ್ ದಂಡೆಯ ಮೇಲೆ. 1893ರಲ್ಲಿ ಶುರುವಾದ ಈ ಒಂದೇ ಲೀಗಿನಲ್ಲಿ ಎರಡು ರಾಜ್ಯಗಳ ಊರುಗಳು ಆಡುತ್ತವೆ. 1979ರಲ್ಲಿ ಉತ್ತರದ ಕೊರೊವಾ, ದಕ್ಷಿಣದ ರುದರ್‌ಗ್ಲೆನ್ ಸೇರಿ ಒಂದೇ ಕ್ಲಬ್ ಆದವು.

ಹಳೆಯ ಫಲಿತಾಂಶ ಓದುವಾಗ ಹೊಸಬರು ಎಡವುವುದು ಸ್ಕೋರಿನಲ್ಲಿ. 12.5 (77) ಎಂದಿದ್ದರೆ ಅದು ದಶಮಾಂಶವಲ್ಲ: 12 ಗೋಲ್, 5 ಬಿಹೈಂಡ್ (ಗೋಲ್ ಕಂಬಕ್ಕೂ ಅದರ ಪಕ್ಕದ ಕಂಬಕ್ಕೂ ನಡುವೆ ಹೋದ ಚೆಂಡು). ಗೋಲಿಗೆ 6 ಅಂಕ, ಬಿಹೈಂಡ್‌ಗೆ 1. 72ಕ್ಕೆ 5 ಸೇರಿ 77. ಎದುರಾಳಿ 10.20 ಹೊಡೆದಿದ್ದರೆ ಅವರದು 80. ಎರಡು ಗೋಲ್ ಕಡಿಮೆ ಇದ್ದರೂ ಗೆದ್ದವರು ಅವರೇ. ಮೆಲ್ಬರ್ನ್‌ನಲ್ಲಿ ಬಿಹೈಂಡ್ ಅಂಕಕ್ಕೆ ಸೇರಿದ್ದು 1897ರಲ್ಲಿ. ಹಾಗಾಗಿ ಲೀಗಿನ ಮೊದಲ ವರ್ಷಗಳ ಸ್ಕೋರನ್ನು ಇಂದಿನ ಲೆಕ್ಕದಲ್ಲಿ ಅಳೆಯಬೇಡಿ.

ಇನ್ನು ಮುಖ್ಯ ವಿಷಯ. ಇಲ್ಲಿ ಯಾವ ಕಾಲದಲ್ಲಿ ಯಾರು ಗೆದ್ದರು ಎಂಬುದಕ್ಕೆ ಕಾರಣ ಬೇಕಿದ್ದರೆ, ಆಟಗಾರನಿಗೆ ಯಾರು ಎಷ್ಟು ಕೊಡಬಹುದಿತ್ತು ಎಂದು ನೋಡಬೇಕು. ದೇಶದ ಅತ್ಯುನ್ನತ ಲೀಗ್ ಆದ ಈಗಿನ ಎಎಫ್‌ಎಲ್‌ನ ಹಳೆಯ ರೂಪ, ಮೆಲ್ಬರ್ನ್ ಸುತ್ತಲಿನ ವಿಎಫ್‌ಎಲ್, 1930ರಲ್ಲಿ ಕೋಲ್ಟರ್ ನಿಯಮ ತಂದಿತು. ಪಂದ್ಯಕ್ಕೆ 3 ಪೌಂಡ್, ಅದಕ್ಕಿಂತ ಹೆಚ್ಚು ಕೊಡುವಂತಿಲ್ಲ. ಮಿತಿ ಮುಂದೆ ಏರಿತು, ಆದರೂ ತಾರೆಗೂ ಸಾಮಾನ್ಯನಿಗೂ ಒಂದೇ ಲೆಕ್ಕ. ಹಳ್ಳಿಗಾಡಿನ ಕ್ಲಬ್‌ಗಳಿಗೆ ಈ ಕಟ್ಟು ಇರಲಿಲ್ಲ. ಒಬ್ಬನೇ ಕ್ಯಾಪ್ಟನ್-ಕೋಚ್‌ಗೆ ಒಳ್ಳೆಯ ಸಂಬಳ ಕೊಟ್ಟು ನಗರದಿಂದ ಕರೆತರಬಹುದಿತ್ತು. ವಿಎಫ್‌ಎಲ್ ಕ್ಲಬ್ ಕಾಲಿಂಗ್‌ವುಡ್‌ನ ಮ್ಯಾಕ್ ಹೋಲ್ಟನ್ ಬಂದ ಮೇಲೆ ವಾಂಗರಟ್ಟ 1949ರಿಂದ 1952ರವರೆಗೆ ಸತತ ನಾಲ್ಕು ಪ್ರೀಮಿಯರ್‌ಶಿಪ್ (ಲೀಗ್ ಪ್ರಶಸ್ತಿ) ಗೆದ್ದಿತು. 1956ರಲ್ಲಿ ಅದೇ ಊರಿನ ಇನ್ನೊಂದು ಕ್ಲಬ್ ವಾಂಗರಟ್ಟ ರೋವರ್ಸ್, ಕಾಲಿಂಗ್‌ವುಡ್‌ನ ಬಾಬ್ ರೋಸ್ ಅವರನ್ನು ಕರೆತಂದಿತು. ಇನ್ನೂ ಆಡುವ ವಯಸ್ಸಿನಲ್ಲೇ ದೇಶದ ಅತ್ಯುತ್ತಮರಲ್ಲೊಬ್ಬರು ನಗರ ಬಿಟ್ಟು ಬಂದರೆಂದರೆ ಆ ನಿಯಮದ ಹಿಡಿತ ಎಷ್ಟೆಂದು ತಿಳಿಯುತ್ತದೆ. ರೋವರ್ಸ್ 1958 ಮತ್ತು 1960ರಲ್ಲಿ ಗೆದ್ದಿತು. ಆ ಎರಡೂ ವರ್ಷ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಮಾರಿಸ್ ಪದಕ ರೋಸ್ ಅವರದೇ. ನನ್ನ ಮಟ್ಟಿಗೆ ಈ ಲೀಗಿನ ಅತ್ಯಂತ ಸೊಗಸಾದ ಕಾಲ ಇದು.

1960ರ ದಶಕದ ಕೊನೆಗೆ ಗಾಳಿ ತಿರುಗಿತು. ವಿಎಫ್‌ಎಲ್ ಹಳ್ಳಿಗಾಡನ್ನು ವಲಯಗಳಾಗಿ ಕತ್ತರಿಸಿ ತನ್ನ 12 ಕ್ಲಬ್‌ಗಳಿಗೆ ಹಂಚಿತು. ಓವೆನ್ಸ್ ಅಂಡ್ ಮರ್ರೆ ವಲಯ ನಾರ್ತ್ ಮೆಲ್ಬರ್ನ್ ಪಾಲಾಯಿತು. ಆಗ ಇಲ್ಲಿನ ಹುಡುಗ ನಗರಕ್ಕೆ ಹೋಗುವುದಾದರೆ ಆ ಕ್ಲಬ್ಬಿಗೇ ಹೋಗಬೇಕಿತ್ತು. ನಾರ್ತ್ 1975 ಮತ್ತು 1977ರಲ್ಲಿ ವಿಎಫ್‌ಎಲ್ ಗೆದ್ದಿದ್ದಕ್ಕೆ ವಲಯವೊಂದೇ ಕಾರಣ ಎಂದು ಬರೆದುಬಿಡಬೇಡಿ. ಹಣ ಕೊಟ್ಟು ಬೇರೆ ಕ್ಲಬ್‌ಗಳಿಂದ ಕರೆತಂದ ಅನುಭವಿಗಳೂ ಅಲ್ಲಿದ್ದರು. ಇತ್ತ ವಾಂಗರಟ್ಟ ರೋವರ್ಸ್ 1971ರಿಂದ 1979ರೊಳಗೆ ಏಳು ಬಾರಿ ಗೆದ್ದಿತು.

ಹಣದ ಓಟ ತಡೆಯಲು ವಿಕ್ಟೋರಿಯಾ 2016ರಲ್ಲಿ ಆಟಗಾರರ ಅಂಕ ಪದ್ಧತಿಯನ್ನೂ ಮರುವರ್ಷ ಸಂಬಳದ ಮಿತಿಯನ್ನೂ ತಂದಿತು. ಕ್ಲಬ್ಬಿನಲ್ಲೇ ಬೆಳೆದವನಿಗೆ 1 ಅಂಕ, ಎಎಫ್‌ಎಲ್‌ನಿಂದ ಬಂದವನಿಗೆ 6. ತಂಡದ ಒಟ್ಟು ಅಂಕ ಮಿತಿ ದಾಟಬಾರದು. ಮಾಜಿ ಎಎಫ್‌ಎಲ್ ತಾರೆ ಬ್ರೆಂಡನ್ ಫೆವೊಲಾ ಆಡಿದ ಯಾರವೊಂಗಾ 2012, 2013ರಲ್ಲಿ ಗೆದ್ದದ್ದು ಈ ಪದ್ಧತಿ ಬರುವ ಮುಂಚೆ ಎಂಬುದು ನೆನಪಿರಲಿ.

ವಿಜೇತರ ಪಟ್ಟಿಯಲ್ಲಿ 2020ರಿಂದ 2022ರವರೆಗಿನ ಮೂರು ಸಾಲು ಖಾಲಿ. ಮೂರಕ್ಕೂ ಒಂದೇ ಕಾರಣ ಬರೆದರೆ ತಪ್ಪಾಗುತ್ತದೆ. 2020ರಲ್ಲಿ ಕೋವಿಡ್‌ನಿಂದ ಟೂರ್ನಿ ನಡೆಯಲೇ ಇಲ್ಲ. ಆ ಜುಲೈನಲ್ಲಿ ರಾಜ್ಯಗಳ ಗಡಿಯೇ ಮುಚ್ಚಿತ್ತು, ಆಲ್ಬರಿಗೂ ವೊಡೊಂಗಾಕ್ಕೂ ನಡುವಿನ ಸೇತುವೆ ಮೇಲೆ ಪೊಲೀಸ್ ತಪಾಸಣೆ. 2021ರಲ್ಲಿ ಪಂದ್ಯಗಳು ಶುರುವಾದವು, ಕೊನೆ ಮುಟ್ಟಲಿಲ್ಲ. 2022ರಲ್ಲಿ ಫೈನಲ್ ನಡೆಯಿತು, ವಾಂಗರಟ್ಟ ಗೆದ್ದಿತು, ಆಮೇಲೆ ಸಂಬಳದ ಮಿತಿ ಮೀರಿದ್ದಕ್ಕೆ ಪ್ರಶಸ್ತಿಯನ್ನು ವಾಪಸ್ ಪಡೆಯಲಾಯಿತು.