ಹಾಡುಗಾರರಿಗೂ ಪಿಯಾನೊದವರಿಗೂ ನಿಜವಾಗಿ ಸಿಗುವ ಕೆಲಸ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕಲಿತು ಅದರಿಂದಲೇ ಬದುಕುವವರಲ್ಲಿ ಹೆಚ್ಚಿನವರು ದೇಶ ದೇಶ ಸುತ್ತುವುದಿಲ್ಲ. ಅವರ ಕೆಲಸ ಒಂದು ಪ್ರಾಂತ್ಯದೊಳಗೇ ನಡೆಯುತ್ತದೆ. ಅಲ್ಲಿನ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ರಂಗಮಂದಿರ, ಚರ್ಚಿನ ಗಾಯಕವೃಂದ, ಸಂಗೀತ ಶಾಲೆ, ಒಂದೆರಡು ಉತ್ಸವ, ಮನೆಪಾಠ, ಇಷ್ಟು ಸೇರಿ ಅವರ ವರ್ಷ ತುಂಬುತ್ತದೆ. ಇವರನ್ನು ದೊಡ್ಡ ವೇದಿಕೆ ತಲುಪಲಾಗದೆ ಉಳಿದವರು ಅಂತ ನೋಡುವ ರೂಢಿ ಇದೆ. ನನಗೆ ಇದು ಸರಿ ಅನ್ನಿಸುವುದಿಲ್ಲ. ಇದು ಪೂರ್ತಿಯಾದ, ಮರ್ಯಾದೆಯ ವೃತ್ತಿ. ಇದಕ್ಕೆ ಬೇರೆಯದೇ ತಯಾರಿ ಬೇಕು, ಆ ತಯಾರಿ ಕಾಲೇಜುಗಳಲ್ಲಿ ಸಾಕಷ್ಟು ಸಿಗುತ್ತಿಲ್ಲ. ಹಾಡುಗಾರರಿಗೆ ಪಾತ್ರ ಹೇಳಿಕೊಡುವುದು, ಅವರ ಜೊತೆ ಪಿಯಾನೊ ನುಡಿಸುವುದು ನನ್ನ ಕೆಲಸ. ಹಾಗಾಗಿ ಈ ಎರಡೂ ಕಡೆಯವರನ್ನು ಹತ್ತಿರದಿಂದ ನೋಡುತ್ತೇನೆ.

ಮೊದಲು ವಯಸ್ಸಿನ ವಿಷಯ. ಪಿಯಾನೊದವರು ಐದಾರು ವರ್ಷಕ್ಕೇ ಶುರು ಮಾಡುತ್ತಾರೆ. ಹದಿನೆಂಟಕ್ಕೆ ಕಾಲೇಜು ಸೇರುವ ಹೊತ್ತಿಗೆ ಬೆರಳಿನ ಕೆಲಸ ಬಹುಪಾಲು ಕೂತಿರಬೇಕು. ದೊಡ್ಡ ಸ್ಪರ್ಧೆಗಳ ಬಾಗಿಲೂ ಬೇಗ ಮುಚ್ಚುತ್ತದೆ. 1927ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಶುರುವಾದ ಶೋಪಾನ್ ಪಿಯಾನೊ ಸ್ಪರ್ಧೆ ನಡೆಯುವುದು ಐದು ವರ್ಷಕ್ಕೊಮ್ಮೆ, ಭಾಗವಹಿಸಲು ಮೂವತ್ತರ ಆಸುಪಾಸಿನ ಮಿತಿ ಇದೆ. ಒಂದು ಸಲ ತಪ್ಪಿದರೆ ಎಷ್ಟೋ ಜನರಿಗೆ ಅದು ತಪ್ಪಿದ ಹಾಗೆಯೇ.

ಹಾಡುಗಾರರ ಲೆಕ್ಕ ಇದಕ್ಕೆ ಉಲ್ಟಾ. ದನಿ ಒಡೆದು ನೆಲೆಗೊಳ್ಳುವ ತನಕ ಗಂಭೀರ ತರಬೇತಿ ಶುರುವಾಗುವುದಿಲ್ಲ. ಹಗುರ ದನಿಯ ಸೊಪ್ರಾನೊ (ಹೆಣ್ಣಿನ ಎತ್ತರದ ದನಿ) ಇಪ್ಪತ್ತೈದರ ಸುಮಾರಿಗೆ ರಂಗಕ್ಕೆ ಸಿದ್ಧವಾಗಬಹುದು. ಭಾರದ ದನಿಗಳು, ಅದರಲ್ಲೂ ಬಾಸ್ (ಗಂಡಿನ ತಗ್ಗಿನ ದನಿ) ಮತ್ತು ವಾಗ್ನರ್‌ನ ಒಪೆರಾಗಳನ್ನು ಹಾಡುವಂಥ ದನಿಗಳು, ಮೂವತ್ತು ದಾಟಿದ ಮೇಲೆ ಹಣ್ಣಾಗುತ್ತವೆ. ಇದಕ್ಕೆ ಕಾರಣ ದೇಹವೇ. ಒಪೆರಾದಲ್ಲಿ ಮೈಕ್ ಇಲ್ಲ. ಆರ್ಕೆಸ್ಟ್ರಾದ ಸದ್ದಿನ ಬಲ ಹೆಚ್ಚಾಗಿ 500 ಹರ್ಟ್ಸ್ ಸುತ್ತಮುತ್ತ ಇರುತ್ತದೆ. ತರಬೇತಾದ ದನಿ, ವಿಶೇಷವಾಗಿ ಗಂಡು ದನಿ, 3000 ಹರ್ಟ್ಸ್ ಹತ್ತಿರ ತನ್ನ ಬಲವನ್ನು ಒಟ್ಟು ಮಾಡುತ್ತದೆ. ಅಲ್ಲಿ ಆರ್ಕೆಸ್ಟ್ರಾ ದುರ್ಬಲ, ನಮ್ಮ ಕಿವಿ ಚುರುಕು. ಸ್ವೀಡನ್ನಿನ ಸಂಶೋಧಕ ಯೋಹಾನ್ ಸುಂಡ್‌ಬೆರಿ ಇದನ್ನು ಅಳೆದು ತೋರಿಸಿದವರು. ಕೂಗಿ ಆರ್ಕೆಸ್ಟ್ರಾವನ್ನು ಗೆಲ್ಲಲು ಆಗುವುದಿಲ್ಲ. ಗಂಟಲಿನ ಮೇಲಿನ ಜಾಗವನ್ನು ಆಕಾರಕ್ಕೆ ತರುವುದು ವರ್ಷಗಟ್ಟಲೆಯ ಕೆಲಸ.

ಆದ್ದರಿಂದ ಇಪ್ಪತ್ತೊಂದರ ಹುಡುಗಿಯೊಬ್ಬಳು ಪುಚ್ಚಿನಿಯ ಒಪೆರಾ 'ಟೋಸ್ಕಾ' ಹಾಡಬೇಕು ಅಂತ ಬಂದರೆ ನಾನು ಮೊಜಾರ್ಟ್‌ನ 'ಫಿಗಾರೋ'ದ ಸುಸಾನ್ನಾ ಪಾತ್ರ ಕೈಗಿಡುತ್ತೇನೆ. ಸುಸಾನ್ನಾ ಚಿಕ್ಕ ಪಾತ್ರ ಅಂತ ಅಲ್ಲ. ಸಂಜೆಯಿಡೀ ರಂಗದ ಮೇಲಿರುವ ಪಾತ್ರ ಅದು, ದಣಿಸುತ್ತದೆ. ಆದರೆ ಮೊಜಾರ್ಟ್ ಆರ್ಕೆಸ್ಟ್ರಾ ತೆಳು, ಎಳೆ ದನಿ ಅದರ ಮೇಲೆ ತೇಲಿ ಬರುತ್ತದೆ. ಪುಚ್ಚಿನಿಯ ಆರ್ಕೆಸ್ಟ್ರಾದ ಎದುರು ಅದೇ ಹುಡುಗಿ ದನಿಯನ್ನು ಬಲವಂತವಾಗಿ ತಳ್ಳಲು ಶುರು ಮಾಡುತ್ತಾಳೆ. ತಳ್ಳುವುದು ರೂಢಿಯಾದರೆ ಬಿಡಿಸುವುದು ಕಷ್ಟ.

ಈ ವಯಸ್ಸಿನ ಅಂತರದಿಂದ ಇನ್ನೊಂದು ತೊಂದರೆಯೂ ಹುಟ್ಟುತ್ತದೆ. ಪಿಯಾನೊದವರು ಕಾಲೇಜಿಗೆ ಬರುವಾಗ ಹತ್ತು ಹನ್ನೆರಡು ವರ್ಷ ಸ್ವರಲಿಪಿ ಓದಿರುತ್ತಾರೆ. ಹಾಡುಗಾರರಲ್ಲಿ ಕೆಲವರಿಗೆ ಸುಂದರ ದನಿ ಇರುತ್ತದೆ, ಲಿಪಿ ಓದಲು ತಡವರಿಸುತ್ತಾರೆ. ಪ್ರಾಂತ್ಯದ ಕೆಲಸದಲ್ಲಿ ಇದೇ ದೊಡ್ಡ ಅಡ್ಡಿ. ಗುರುವಾರ ಫೋನ್ ಬರುತ್ತದೆ: ಹ್ಯಾಂಡಲ್‌ನ 'ಮೆಸಾಯ'ಕ್ಕೆ ಆಲ್ಟೊ (ಹೆಣ್ಣಿನ ತಗ್ಗಿನ ದನಿ) ಬೇಕು, ಹಾಡಬೇಕಿದ್ದವರಿಗೆ ನೆಗಡಿ, ಶನಿವಾರ ಕಛೇರಿ. ಒಪ್ಪಿಕೊಳ್ಳುವ ಧೈರ್ಯ ಇರುವುದು ಲಿಪಿ ಓದಬಲ್ಲವರಿಗೆ. ಒಂದು ಸಲ ಹೀಗೆ ಕೈಹಿಡಿದವರನ್ನು ಆಯೋಜಕರು ಮರೆಯುವುದಿಲ್ಲ.

ಇಲ್ಲಿ ಹಾಡುಗಾರ್ತಿ ಕ್ಯಾಥ್ಲೀನ್ ಫೆರಿಯರ್ ನೆನಪಾಗುತ್ತಾರೆ. 1912ರಲ್ಲಿ ಉತ್ತರ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಹದಿನಾಲ್ಕಕ್ಕೆ ಶಾಲೆ ಬಿಟ್ಟು ಬ್ಲ್ಯಾಕ್‌ಬರ್ನ್ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಕೆಲಸಕ್ಕೆ ಸೇರಿದರು. ಆಗ ಅವರು ಗುರುತಾದದ್ದು ಪಿಯಾನೊದಿಂದ. ಸ್ಥಳೀಯ ಸ್ಪರ್ಧೆಗಳಲ್ಲಿ ಗೆಲ್ಲುತ್ತಿದ್ದರು, ಬೇರೆಯವರ ಹಾಡಿಗೆ ನುಡಿಸುತ್ತಿದ್ದರು. 1937ರಲ್ಲಿ ಕಾರ್ಲೈಲ್ ಉತ್ಸವದಲ್ಲಿ ಪಿಯಾನೊ ಜೊತೆಗೆ ಹಾಡಿನ ವಿಭಾಗಕ್ಕೂ ಹೆಸರು ಕೊಟ್ಟರು. ಗಂಡನ ಜೊತೆ ಕಟ್ಟಿದ ಒಂದು ಶಿಲ್ಲಿಂಗ್ ಪಂದ್ಯ ಅದಕ್ಕೆ ನೆಪ. ಎರಡರಲ್ಲೂ ಗೆದ್ದರು. ಅಲ್ಲಿಂದ ಹಾಡು ಶುರು. ಯುದ್ಧದ ವರ್ಷಗಳಲ್ಲಿ ಕಾರ್ಖಾನೆಗಳಲ್ಲಿ, ಸಣ್ಣ ಸಭಾಂಗಣಗಳಲ್ಲಿ ಹಾಡಿದರು. 1946ರಲ್ಲಿ ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಒಪೆರಾ ರಂಗಮಂದಿರದಲ್ಲಿ ಮೊದಲ ಒಪೆರಾ ಪಾತ್ರ. 1953ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 41. ಮೂವತ್ತರ ಹತ್ತಿರ ಗಂಭೀರವಾಗಿ ಹಾಡು ಕಲಿತವರು ಅಷ್ಟು ಬೇಗ ಅಷ್ಟು ದೂರ ಹೋಗಲು ದನಿಯೊಂದೇ ಕಾರಣವಲ್ಲ ಅಂತ ನಾನು ನಂಬುತ್ತೇನೆ. ಪಿಯಾನೊದ ಮುಂದೆ ಕಳೆದ ಬಾಲ್ಯ ಅವರಿಗೆ ಸಂಗೀತ ಓದುವುದನ್ನು ಕಲಿಸಿತ್ತು, ಬೇರೆಯವರ ಉಸಿರು ಕೇಳಿಸಿಕೊಳ್ಳುವುದನ್ನೂ ಕಲಿಸಿತ್ತು.

ಈಗ ಪಿಯಾನೊದವರ ಕಡೆ ಬರೋಣ. ಕಾಲೇಜಿನಲ್ಲಿ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಸೊನಾಟಾ (ಒಬ್ಬರೇ ನುಡಿಸುವ ದೊಡ್ಡ ಕೃತಿ), ಕನ್ಚೆರ್ಟೊ (ಆರ್ಕೆಸ್ಟ್ರಾ ಜೊತೆ ನುಡಿಸುವ ಕೃತಿ) ಕಲಿಯುತ್ತಾರೆ. ಲಿಪಿ ನೋಡದೆ ನುಡಿಸುತ್ತಾರೆ. ಹತ್ತೊಂಬತ್ತನೇ ಶತಮಾನದ ಪಿಯಾನೊ ವಾದಕರಾದ ಕ್ಲಾರಾ ಶೂಮನ್, ಲಿಸ್ಟ್ ಕಾಲದಿಂದ ಬಂದ ಈ ಪದ್ಧತಿ ಈಗ ನಿಯಮದಂತಾಗಿದೆ. ಪದವಿ ಮುಗಿಸಿ ಹೊರಬಂದರೆ ಕನ್ಚೆರ್ಟೊ ನುಡಿಸಲು ಕರೆಯುವವರು ವಿರಳ. ಹಾಡಿನ ಪಾಠಕ್ಕೆ, ಗಾಯಕವೃಂದದ ರಿಹರ್ಸಲ್‌ಗೆ, ಪರೀಕ್ಷೆಗಳಿಗೆ, ಆಡಿಷನ್‌ಗೆ ಪಿಯಾನೊದವರು ಬೇಕು ಅಂತ ಕೇಳುವವರು ಜಾಸ್ತಿ. ಆ ಕೆಲಸಕ್ಕೆ ಕೇಳುವುದು ಬೇರೆಯೇ ವಿದ್ಯೆ. ಮೊದಲ ಸಲ ನೋಡಿದ ಲಿಪಿಯನ್ನೂ ಆಗಲೇ ಓದಿ ನುಡಿಸಬೇಕು. ತಪ್ಪಿದರೆ ನಿಲ್ಲಬಾರದು. ನಾಲ್ಕು ಸ್ವರ ಬಿಟ್ಟರೂ ಲಯ ಬಿಡಬಾರದು. ಎಷ್ಟೋ ಒಳ್ಳೆಯ ವಾದಕರಿಗೆ ಈ ಕೊನೆಯದು ಕಷ್ಟ. ಎಲ್ಲ ಸ್ವರ ಸರಿಯಾಗಿ ನುಡಿಸಬೇಕೆಂದು ಬಾಲ್ಯದಿಂದ ಕಲಿತ ಕೈಗಳು ಬಿಡುವುದನ್ನು ಒಪ್ಪುವುದಿಲ್ಲ.

ಒಪೆರಾದ ಪಿಯಾನೊ ಲಿಪಿ ಅಂದರೆ ಅರವತ್ತೆಪ್ಪತ್ತು ವಾದ್ಯಗಳ ಸಂಗೀತವನ್ನು ಹತ್ತು ಬೆರಳಿಗೆ ಇಳಿಸಿದ್ದು. ರಿಚರ್ಡ್ ಸ್ಟ್ರಾಸ್ ಕೃತಿಗಳಲ್ಲಂತೂ ಬರೆದಿದ್ದನ್ನೆಲ್ಲ ನುಡಿಸಲು ಯಾರಿಗೂ ಆಗುವುದಿಲ್ಲ. ಯಾವುದನ್ನು ಬಿಡಬೇಕು ಅನ್ನುವುದೇ ಅಲ್ಲಿ ಜಾಣತನ. ಹಾಡುಗಾರರು ಶ್ರುತಿಗಾಗಿ ಯಾವ ವಾದ್ಯವನ್ನು ಕೇಳಿಸಿಕೊಳ್ಳುತ್ತಾರೋ ಅದು ಇರಲೇಬೇಕು. ಬಾಸ್, ಅಂದರೆ ಕೆಳಗಿನ ಸ್ವರಗಳ ಸಾಲು ಇರಬೇಕು, ಲಯ ಇರಬೇಕು. ಉಳಿದದ್ದು ಆದರೆ ಆಯಿತು. ಷೂಬರ್ಟ್‌ನ 'ಏರ್ಲ್‌ಕೋನಿಗ್' ಹಾಡಿನಲ್ಲಿ ಬಲಗೈ ಒಂದೇ ಸಮ ಆಕ್ಟೇವ್ ತ್ರಿವಳಿಗಳನ್ನು (ಒಂದೇ ಸ್ವರದ ಮೇಲಿನದು, ಕೆಳಗಿನದು ಒಟ್ಟಿಗೆ, ಮೂರು ಮೂರಾಗಿ) ಬಡಿಯುತ್ತಾ ಇರಬೇಕು, ಕೈ ಕಲ್ಲಾಗುತ್ತದೆ. ಷೂಬರ್ಟ್ ತಾನೇ ಒಂದು ಪ್ರತಿಯಲ್ಲಿ ಈ ಭಾಗವನ್ನು ಸುಲಭ ಮಾಡಿ ಬರೆದಿದ್ದಾನೆ. ಕೈನೋವು ತಂದುಕೊಳ್ಳುವ ವಿದ್ಯಾರ್ಥಿಗಳಿಗೆ ಇದನ್ನು ಹೇಳುತ್ತೇನೆ. ಆ ಹಾಡು ಬರೆದವನೇ ಸುಲಭ ದಾರಿ ಕೊಟ್ಟಿರುವಾಗ ನಾವು ಹಟ ಮಾಡುವುದೇಕೆ?

ಒಪೆರಾ ರಂಗಮಂದಿರಗಳಲ್ಲಿ ಈ ಕೆಲಸದವರನ್ನು ರೆಪೆಟಿಟರ್ ಅನ್ನುತ್ತಾರೆ. ಅವರ ಆಡಿಷನ್ ಬಹಳ ಕಠಿಣ. 'ಕಾರ್ಮೆನ್' ಎರಡನೇ ಅಂಕದ ಐವರ ಹಾಡು, 'ಫಿಗಾರೋ' ಎರಡನೇ ಅಂಕದ ಕೊನೆ, ಸ್ಟ್ರಾಸ್‌ನ ಒಂದು ಭಾಗ, ಇವನ್ನು ಹೆಚ್ಚಾಗಿ ಕೇಳುತ್ತಾರೆ. ನುಡಿಸುತ್ತಲೇ ಎಲ್ಲ ಪಾತ್ರಗಳ ಸಾಲನ್ನೂ ಬಾಯಲ್ಲಿ ಹಾಡಬೇಕು. ದನಿ ಚೆನ್ನಾಗಿರಬೇಕಿಲ್ಲ, ಮಾತು ಮತ್ತು ಲಯ ಸರಿ ಇರಬೇಕು. ಒಂದು ಕಣ್ಣು ಆರ್ಕೆಸ್ಟ್ರಾ ನಡೆಸುವ ಕಂಡಕ್ಟರ್ ಕೈಮೇಲೆ. ಇಟಾಲಿಯನ್, ಜರ್ಮನ್, ಫ್ರೆಂಚ್ ಉಚ್ಚಾರ ತಿದ್ದುವಷ್ಟು ಗೊತ್ತಿರಬೇಕು. ಈ ಬಾಗಿಲಿನಿಂದ ಒಳಹೋದವರು ಎಲ್ಲಿಗೆ ತಲುಪಬಹುದು ಅನ್ನುವುದಕ್ಕೆ ಕಂಡಕ್ಟರ್ ಆಂಟೋನಿಯೊ ಪಪ್ಪಾನೊ ಇದ್ದಾರೆ. ತಂದೆ ಹಾಡಿನ ಮೇಷ್ಟ್ರು, ಅವರ ಶಿಷ್ಯರಿಗೆ ಹುಡುಗ ಬಾಲ್ಯದಲ್ಲೇ ಪಿಯಾನೊ ನುಡಿಸುತ್ತಿದ್ದ. ಮುಂದೆ ರೆಪೆಟಿಟರ್ ಆದರು. 2002ರಿಂದ 2024ರವರೆಗೆ ಲಂಡನ್ನಿನ ರಾಯಲ್ ಒಪೆರಾದ ಸಂಗೀತ ನಿರ್ದೇಶಕರಾಗಿದ್ದರು.

ಹಾಡುಗಾರರ ಆಡಿಷನ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಪಿಯಾನೊದ ಸ್ಟೂಲಿನಿಂದ ಕಾಣುವುದು ಬೇರೆ ಎಲ್ಲಿಂದಲೂ ಕಾಣುವುದಿಲ್ಲ. ಸಾಮಾನ್ಯವಾಗಿ ನಾಲ್ಕೈದು ಆರಿಯಾಗಳ (ಒಪೆರಾದಲ್ಲಿ ಒಬ್ಬರೇ ಹಾಡುವ ಹಾಡು) ಪಟ್ಟಿ ಕೊಡಬೇಕು, ಬೇರೆ ಬೇರೆ ಭಾಷೆಯವು, ಬೇರೆ ಬೇರೆ ಕಾಲದವು. ಮೊದಲನೆಯದು ನಿಮ್ಮ ಆಯ್ಕೆ. ಎರಡನೆಯದನ್ನು ಆಯ್ಕೆ ಸಮಿತಿಯವರು ಆರಿಸುತ್ತಾರೆ. ಹಾಡುಗಾರರು ಅಂಜುವ ಹಾಡನ್ನೇ ಅವರು ಕೇಳುವುದು ಹೆಚ್ಚು. ಅನುಮಾನ ಇರುವ ಆರಿಯಾ ಪಟ್ಟಿಯಲ್ಲಿ ಇರಲೇಬಾರದು. ಪ್ರಭಾವ ಬೀರಲಿ ಅಂತ ಸುಮ್ನೆ ಸೇರಿಸಿದ್ದು ಅವತ್ತಿನ ದಿನ ಕೆಡಿಸುತ್ತದೆ.

ಅಲ್ಲಿ ಪಿಯಾನೊ ನುಡಿಸುವವರು ನಿಮ್ಮನ್ನು ಮೊದಲ ಸಲ ನೋಡುತ್ತಿರುತ್ತಾರೆ. ಬಿಡಿ ಹಾಳೆಗಳನ್ನು ಕೊಡಬೇಡಿ, ಗಾಳಿಗೆ ಹಾರುತ್ತವೆ. ಹೊಳೆಯುವ ಪ್ಲಾಸ್ಟಿಕ್ ಕವರ್ ಬೇಡ, ದೀಪದ ಬೆಳಕಿಗೆ ಸ್ವರಗಳು ಕಾಣುವುದಿಲ್ಲ. ಹಾಡಿನ ನಡುವೆ ಎಲ್ಲಿಂದ ಎಲ್ಲಿಗೆ ಬಿಟ್ಟು ಹಾರುತ್ತೀರಿ ಅನ್ನುವುದನ್ನು ಪೆನ್ಸಿಲ್‌ನಲ್ಲಿ ದಪ್ಪಗೆ ಗುರುತು ಮಾಡಿ. ಕೆಳಗಿನ ಸಾಲು ಜೆರಾಕ್ಸ್‌ನಲ್ಲಿ ಕತ್ತರಿಸಿ ಹೋಗಿದೆಯಾ ನೋಡಿ. ಎಡಗೈಯ ಬಾಸ್ ಇಲ್ಲದ ಹಾಳೆಗಳು ಎಷ್ಟು ಬರುತ್ತವೋ! ವೇಗ ಹೇಳಲು ಚಿಟಿಕೆ ಹೊಡೆಯುವುದಕ್ಕಿಂತ ಎರಡು ಸಾಲು ಮೆಲ್ಲಗೆ ಹಾಡಿ ತೋರಿಸಿದರೆ ನಮಗೆ ಉಸಿರು ಎಲ್ಲಿ ಅನ್ನುವುದೂ ಸಿಗುತ್ತದೆ. ಮುಗಿದ ಮೇಲೆ ಪಿಯಾನೊ ಕಡೆ ತಿರುಗಿ ಒಂದು ಮಾತು ಆಡಿ ಹೋಗಿ. ಆಯ್ಕೆ ಸಮಿತಿ ಅದನ್ನೂ ಗಮನಿಸುತ್ತದೆ. ಆರು ವಾರ ಒಟ್ಟಿಗೆ ಕೆಲಸ ಮಾಡಬೇಕಾದವರು ಹೇಗಿದ್ದಾರೆ ಅನ್ನುವುದು ಅವರಿಗೆ ಮುಖ್ಯ, ಅಲ್ವಾ?

ಸ್ಪರ್ಧೆಗಳಿಗೂ ಒಂದು ಉಪಯೋಗ ಇದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ನಡೆಸುವ ಸ್ಪರ್ಧೆ ಜಿಲ್ಲೆ, ಪ್ರಾಂತ್ಯ, ಆಮೇಲೆ ಕೇಂದ್ರ ಅಂತ ಮೇಲೇರುತ್ತದೆ. ಗೆಲ್ಲದವರಿಗೂ ತೀರ್ಪುಗಾರರ ಅಭಿಪ್ರಾಯ ಸಿಗುತ್ತದೆ. ಎಳೆಯ ಹಾಡುಗಾರರಿಗೆ ಬಹುಮಾನಕ್ಕಿಂತ ಆ ಹತ್ತು ನಿಮಿಷದ ಮಾತು ಹೆಚ್ಚು ಬೆಲೆಯದು.

ದುಡ್ಡಿನ ಮಾತು ಆಡದೆ ವೃತ್ತಿಯ ಮಾತು ಮುಗಿಯುವುದಿಲ್ಲ. ಜರ್ಮನಿಯಲ್ಲಿ ಸರ್ಕಾರದ ನೆರವಿನ ಸುಮಾರು 80 ಒಪೆರಾ ರಂಗಮಂದಿರಗಳಿವೆ, ಸಣ್ಣ ಪಟ್ಟಣಗಳಲ್ಲೂ ಇವೆ. ಅಲ್ಲಿ ಹಾಡುಗಾರರು ತಿಂಗಳ ಸಂಬಳಕ್ಕೆ ಸೇರಬಹುದು. ಒಂದೇ ಋತುವಿನಲ್ಲಿ ಐದಾರು ಪಾತ್ರ ಬರುತ್ತವೆ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಷ್ಟೇ ಬೇಗ ದನಿ ದಣಿಸುವ ಜಾಗವೂ ಅದೇ. ಬೇರೆ ಬಹಳ ಕಡೆ ಪ್ರದರ್ಶನಕ್ಕಿಷ್ಟು ಅಂತ ಸಂಭಾವನೆ. ಹಾಡಲಿಲ್ಲವೋ, ದುಡ್ಡಿಲ್ಲ. ರಿಹರ್ಸಲ್ ವಾರಗಳಿಗೆ ಏನು ಕೊಡುತ್ತಾರೆ, ಉಳಿದುಕೊಳ್ಳುವ ಖರ್ಚು ಯಾರದು, ಕಾರ್ಯಕ್ರಮ ರದ್ದಾದರೆ ಏನು, ಇದೆಲ್ಲ ಸಹಿ ಹಾಕುವ ಮೊದಲು ಓದಬೇಕು. 2020ರ ಮಾರ್ಚಿನಲ್ಲಿ ರಂಗಮಂದಿರಗಳು ಮುಚ್ಚಿದಾಗ, ಅನಿರೀಕ್ಷಿತ ಅನಾಹುತದ ಷರತ್ತು ತೋರಿಸಿ ಎಷ್ಟೋ ಕಡೆ ಒಪ್ಪಂದಗಳನ್ನು ಕೈಬಿಟ್ಟರು. ಪಾಠ ಹೇಳುತ್ತಿದ್ದವರು ಹೇಗೋ ಉಳಿದರು. ಪಾಠ ಹೇಳುವುದನ್ನು ಸೋತವರ ಕೆಲಸ ಅಂತ ಅಂದುಕೊಂಡವರ ಪಾಡು ಕಷ್ಟವಾಯಿತು. ಪಾಠ ಹೇಳುವುದೂ ಕಲಿಯಬೇಕಾದ ವಿದ್ಯೆ. ಚೆನ್ನಾಗಿ ಹಾಡುವವರಿಗೆಲ್ಲ ಅದು ಬರುವುದಿಲ್ಲ.

ದೇಹದ ಬಗ್ಗೆ ಎರಡೇ ಮಾತು. ದನಿ ಒಮ್ಮೆಲೇ ಹೋದರೆ ಹಾಡಬೇಡಿ, ಪಿಸುಗುಟ್ಟಲೂ ಬೇಡಿ, ಗಂಟಲು ನೋಡುವ ತಜ್ಞರ ಹತ್ತಿರ ಅವತ್ತೇ ಹೋಗಿ. ಸ್ವರತಂತುವಿನಲ್ಲಿ ರಕ್ತ ಕಟ್ಟಿದ್ದರೆ ಪೂರ್ತಿ ಮೌನವೇ ಔಷಧಿ. ಪಿಯಾನೊದವರಲ್ಲಿ ಬೆರಳು ತಾನಾಗಿ ಮಡಚಿಕೊಳ್ಳತೊಡಗಿದರೆ ಜಾಸ್ತಿ ಅಭ್ಯಾಸ ಮಾಡಿ ಸರಿಪಡಿಸಲು ಹೋಗಬೇಡಿ. ಲಿಯಾನ್ ಫ್ಲೈಷರ್ ಅಂಥ ದೊಡ್ಡ ಕಲಾವಿದರು 1960ರ ದಶಕದಲ್ಲಿ ಬಲಗೈಯ ಹಿಡಿತ ಕಳೆದುಕೊಂಡು, ದಶಕಗಳ ಕಾಲ ಎಡಗೈ ಕೃತಿಗಳನ್ನೇ ನುಡಿಸಬೇಕಾಯಿತು.

ಇನ್ನು ಕಾಲೇಜು ಆರಿಸುವ ಹೊತ್ತು. ದೊಡ್ಡ ಹೆಸರಿನ ಗುರುಗಳ ಪಟ್ಟಿ ನೋಡಿ ಮರುಳಾಗುವ ಮೊದಲು ಕೆಲವು ಸಣ್ಣ ಪ್ರಶ್ನೆ ಕೇಳಿ. ಹಾಡಿನ ಪಾಠಕ್ಕೆ ಪ್ರತಿವಾರ ಪಿಯಾನೊದವರು ಇರುತ್ತಾರಾ, ಅಥವಾ ಪರೀಕ್ಷೆಗೆ ಮುಂಚೆ ಎರಡು ಸಲ ಮಾತ್ರವಾ? ಪಿಯಾನೊ ವಿದ್ಯಾರ್ಥಿಗಳು ಹಾಡುಗಾರರ ಜೊತೆ ನುಡಿಸಿದ್ದಕ್ಕೆ ಅಂಕ ಸಿಗುತ್ತದಾ? ಭಾಷೆಗಳನ್ನು ಉಚ್ಚಾರಕ್ಕಷ್ಟೇ ಕಲಿಸುತ್ತಾರಾ, ಅರ್ಥವಾಗುವ ಹಾಗೂ ಕಲಿಸುತ್ತಾರಾ? ಐದು ವರ್ಷದ ಹಿಂದೆ ಮುಗಿಸಿದವರು ಈಗ ಏನು ಮಾಡುತ್ತಿದ್ದಾರೆ? ಸಾಧ್ಯವಾದರೆ ಒಂದು ಸಾಮಾನ್ಯ ದಿನ ಅಲ್ಲಿಗೆ ಹೋಗಿ ಅಭ್ಯಾಸದ ಕೋಣೆಗಳ ಹೊರಗೆ ನಿಂತು ಕೇಳಿ. ಎಲ್ಲ ಕೋಣೆಗಳಿಂದಲೂ ಒಬ್ಬೊಬ್ಬರ ಸದ್ದೇ ಬರುತ್ತಿದ್ದರೆ, ಇಬ್ಬರು ಸೇರಿ ಕೆಲಸ ಮಾಡುವ ಸದ್ದು ಎಲ್ಲೂ ಕೇಳಿಸದಿದ್ದರೆ, ಬೇರೆ ಕಾಲೇಜನ್ನೂ ನೋಡಿಕೊಂಡು ಬನ್ನಿ.